ಆಟದ ಇಂಗ್ಲಿಷ್: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತು. ಮಕ್ಕಳು ಸಂಜೆ ತಡವಾಗಿ ಮನೆಗೆ ಬರುತ್ತಿದ್ದಾರೆ, ಬಟ್ಟೆಯೆಲ್ಲ ಮಣ್ಣು, ಹೀಗಾದರೆ ಓದೋದು ಯಾವಾಗ, ಅದರಲ್ಲೂ ಇಂಗ್ಲಿಷ್ ಗತಿ ಏನು ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಿದ್ದು ಸರಿಯೇ. ಅದಕ್ಕೇ ಈ ಸಲ ಇಂಗ್ಲಿಷನ್ನೂ ಮೈದಾನಕ್ಕೆ ಎಳೆದು ತಂದಿದ್ದೇವೆ. ಯಾವ ತಂಡ ಆಡಿತೋ ಆ ತಂಡದ ಒಬ್ಬರು ಮಾರನೇ ದಿನ ಪ್ರಾರ್ಥನೆ ಹೊತ್ತಿಗೆ ಮುಂದೆ ಬಂದು, ಯಾರ ಮೇಲೆ ಆಡಿದೆವು, ಏನಾಯ್ತು, ಎಷ್ಟು ಅಂತರ ಅಂತ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಬೇಕು.

ಪದಗಳಿಗೇನೂ ಬರ ಇಲ್ಲ. ರೈಡ್, ಬೋನಸ್, ಆಲ್ ಔಟ್, ನೋ ಬಾಲ್, ಹೀಟ್ಸ್, ಬ್ಯಾಟನ್, ಫೌಲ್ ಎಲ್ಲ ಅವರ ಬಾಯಲ್ಲೇ ಇವೆ, ಯಾರೂ ಬಾಯಿಪಾಠ ಮಾಡಿಸಿದ್ದಲ್ಲ. ಸಿಕ್ಕಿಕೊಳ್ಳೋದು ಕ್ರಿಯಾಪದದ ಹತ್ತಿರ. 'ವಿ ವನ್ ದೆಮ್' ಅನ್ನೋದು ನಮ್ಮ ಶಾಲೆಯಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು. ಕಪ್ ಗೆಲ್ಲೋದಕ್ಕೆ, ಪಂದ್ಯ ಗೆಲ್ಲೋದಕ್ಕೆ ವಿನ್, ಗೆದ್ದಾದ ಮೇಲೆ ವನ್. ಎದುರಾಳಿಯನ್ನು ಸೋಲಿಸೋದಕ್ಕೆ ಬೀಟ್. 2025ರ ಐಪಿಎಲ್ ಫೈನಲ್ ಮಕ್ಕಳಿಗೆ ಬಾಯಿಪಾಠ, ಹಾಗಾಗಿ ಅದನ್ನೇ ಹಿಡಿದು ಹೇಳಿಸುತ್ತೇವೆ: 'ಆರ್‌ಸಿಬಿ ವನ್ ದಿ ಫೈನಲ್', 'ಆರ್‌ಸಿಬಿ ಬೀಟ್ ಪಂಜಾಬ್ ಬೈ ಸಿಕ್ಸ್ ರನ್ಸ್'. ಆ 'ಬೈ' ಬಿಟ್ಟರೆ ಅಂತರ ಹೇಳೋಕೆ ಆಗಲ್ಲ. ಬೀಟ್ ಅಂದರೆ ಹೊಡೆಯೋದು ಅಂತಷ್ಟೇ ನಮ್ಮಲ್ಲಿ ರೂಢಿ, ಆದ್ದರಿಂದ ಮಗಳು ಮನೆಗೆ ಬಂದು 'ವಿ ಬೀಟ್ ದೆಮ್' ಅಂದರೆ ಜಗಳ ಮಾಡಿಕೊಂಡು ಬಂದಳಾ ಅಂತ ಗಾಬರಿ ಆಗಬೇಡಿ.

ಇನ್ನೊಂದು ಫಜೀತಿ 'ಲಾಸ್ಟ್'. ಸೋತೆವು ಅನ್ನೋದಕ್ಕೂ ಲಾಸ್ಟ್, ಕೊನೆಯವರು ಅನ್ನೋದಕ್ಕೂ ಲಾಸ್ಟ್. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ, ಸ್ವರ ಬೇರೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಫೈನಲ್‌ನಲ್ಲಿ ಸೋತವರು ರನ್ನರ್ ಅಪ್, ಅಂದರೆ ಇಡೀ ಟೂರ್ನಿಯಲ್ಲಿ ಎರಡನೆಯವರು. ಅಂಥ ತಂಡದ ಹುಡುಗ 'ವಿ ಆರ್ ಲಾಸ್ಟ್' ಅಂದುಬಿಟ್ಟರೆ ಕೇಳಿದವರಿಗೆ ಏನು ಅರ್ಥ ಆಗುತ್ತೆ ಹೇಳಿ! 'ವಿ ಲಾಸ್ಟ್ ದಿ ಫೈನಲ್' ಅಂತ ಪೂರ್ತಿ ಹೇಳಿದರೆ ತೊಂದರೆ ಇಲ್ಲ.

ಪ್ಲೇ ವಿಷಯದಲ್ಲಿ ಮಾತ್ರ ನಮ್ಮ ಕನ್ನಡವೇ ಕೈ ಹಿಡಿಯುತ್ತದೆ. ಮಕ್ಕಳು 'ಪ್ಲೇ ಯೋಗ', 'ಪ್ಲೇ ರನ್ನಿಂಗ್' ಅಂತೆಲ್ಲ ಹೇಳುತ್ತಾರೆ. ಕನ್ನಡದಲ್ಲಿ ನಾವು ಯೋಗ ಆಡ್ತೀವಾ? ಇಲ್ಲ, ಮಾಡ್ತೀವಿ. ಕಬಡ್ಡಿ ಆಡ್ತೀವಿ. ಈಜೋಕೆ ಹೋಗ್ತೀವಿ. ಇಂಗ್ಲಿಷಿನಲ್ಲೂ ಹಾಗೇ: ಪ್ಲೇ ಕಬಡ್ಡಿ, ಡು ಯೋಗ, ಗೋ ಸ್ವಿಮ್ಮಿಂಗ್. ಎಲ್ಲ ಕಡೆ ಹೀಗೆ ಹೊಂದಿಕೆ ಆಗಲ್ಲ, ಆದರೆ ಇಲ್ಲಿ ಆಗುತ್ತೆ, ಬಿಡೋದ್ಯಾಕೆ?

ಟೈ ಮತ್ತು ಡ್ರಾ ಬಗ್ಗೆ ಏಳನೇ ತರಗತಿಯಲ್ಲಿ ದೊಡ್ಡ ವಾದವೇ ಆಯಿತು. ನಾವು ಎರಡಕ್ಕೂ 'ಸಮ ಆಯ್ತು' ಅಂದು ಮುಗಿಸುತ್ತೇವೆ. ಕ್ರಿಕೆಟ್‌ನಲ್ಲಿ ಹಾಗಲ್ಲ. 2019ರ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ನ್ಯೂಜಿಲೆಂಡ್ 241, ಇಂಗ್ಲೆಂಡ್ ಕೂಡ 241, ಸಮ ಆದಾಗ ಆಡಿಸುವ ಒಂದೊಂದು ಓವರಿನ ಸೂಪರ್ ಓವರ್‌ನಲ್ಲೂ ಇಬ್ಬರದೂ 15. ಅದು ಟೈ. ಕೊನೆಗೆ ಯಾರು ಹೆಚ್ಚು ಬೌಂಡರಿ ಹೊಡೆದರು ಅಂತ ಲೆಕ್ಕ ಹಾಕಿ ಇಂಗ್ಲೆಂಡಿಗೆ ಕಪ್ ಕೊಟ್ಟರು, ಅದು ಸರಿಯಾ ತಪ್ಪಾ ಅಂತ ನಮ್ಮ ಪಿ.ಟಿ. ಮೇಷ್ಟ್ರು ಈಗಲೂ ಮಾತಿಗೆ ನಿಲ್ಲುತ್ತಾರೆ. ಟೆಸ್ಟ್ ಪಂದ್ಯ ಐದು ದಿನ ಆದರೂ ಮುಗಿಯದೆ ನಿಂತರೆ ಅದು ಡ್ರಾ. ಟೆಸ್ಟ್‌ನಲ್ಲೂ ಟೈ ಆದದ್ದುಂಟು, 1960ರಲ್ಲಿ ಬ್ರಿಸ್ಬೇನ್‌ನಲ್ಲಿ, 1986ರಲ್ಲಿ ಮದ್ರಾಸಿನಲ್ಲಿ, ಅಷ್ಟೇ. ಫುಟ್‌ಬಾಲ್‌ನಲ್ಲಿ ಗೋಲು ಸಮ ಆದರೆ ಡ್ರಾ ಅಂತಾರೆ. ತೀರ್ಪುಗಾರರ ಹೆಸರೂ ಆಟಕ್ಕೆ ತಕ್ಕ ಹಾಗೆ: ಫುಟ್‌ಬಾಲ್‌ಗೆ ರೆಫರಿ, ಕ್ರಿಕೆಟ್ ಮತ್ತು ಹಾಕಿಗೆ ಅಂಪೈರ್, ಕಬಡ್ಡಿಯಲ್ಲಿ ಇಬ್ಬರೂ ಇರುತ್ತಾರೆ.

ಹಾಂ, ಕಬಡ್ಡಿ ಅಂದಾಗ ನೆನಪಾಯ್ತು. ರೈಡರ್ ಒಂದೇ ಉಸಿರಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾ ಹೋಗೋದಕ್ಕೆ ಇಂಗ್ಲಿಷ್ ನಿಯಮದ ಪುಸ್ತಕದಲ್ಲಿ 'ಕ್ಯಾಂಟ್' ಅಂತಾರೆ. ಆಗಲ್ಲ ಅನ್ನೋ ಅರ್ಥದ ಕಾಂಟ್ ಅಲ್ಲ, ಬೇರೆಯೇ ಪದ. ಮಕ್ಕಳಿಗೆ ಇದು ಬಹಳ ಮಜಾ ಅನಿಸಿತು.

ಈಗ ನಿಮ್ಮಿಂದ ಆಗಬೇಕಾದ್ದು. 'ನಮಗೇ ಇಂಗ್ಲಿಷ್ ಬರಲ್ಲ ಟೀಚರ್, ನಾವೇನು ಹೇಳಿಕೊಡೋದು' ಅಂತ ಹಿಂದೆ ಸರಿಯಬೇಡಿ. ರಾತ್ರಿ ಊಟದ ಹೊತ್ತಿಗೆ ಪಂದ್ಯದ ಕಥೆ ಕನ್ನಡದಲ್ಲೇ ಕೇಳಿ, ಪೂರ್ತಿ ಕೇಳಿ. ಕನ್ನಡದಲ್ಲಿ ಕ್ರಮವಾಗಿ ಹೇಳೋಕೆ ಬಂದ ಮಗುವಿಗೆ ಇಂಗ್ಲಿಷಿನಲ್ಲಿ ಬೇಕಾಗೋದು ನಾಲ್ಕಾರು ಪದ ಮಾತ್ರ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಟಿವಿಯಲ್ಲಿ ಮ್ಯಾಚ್ ನೋಡುವಾಗ ಒಂದೆರಡು ಓವರ್ ಇಂಗ್ಲಿಷ್ ಕಾಮೆಂಟರಿ ಹಾಕಿ, ಆಮೇಲೆ ಬೇಕಾದರೆ ಕನ್ನಡಕ್ಕೆ ಬನ್ನಿ. ಮಗು ತಪ್ಪು ಹೇಳಿದರೆ ನೆಂಟರ ಮುಂದೆ ನಗಬೇಡಿ, ಇದೊಂದು ಮಾತ್ರ ಕೈಮುಗಿದು ಕೇಳುತ್ತೇನೆ. ಒಮ್ಮೆ ನಕ್ಕರೆ ಆಮೇಲೆ ಆ ಮಗುವಿನ ಬಾಯಿ ಬಿಡಿಸೋಕೆ ನಮಗೆ ಎಷ್ಟು ದಿನ ಬೇಕೋ!

ಕ್ರೀಡಾಕೂಟದ ದಿನ ಮಕ್ಕಳಿಗೆ ನೀರಿನ ಬಾಟಲಿ, ಟೋಪಿ ಕೊಟ್ಟು ಕಳಿಸಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಈ ಶನಿವಾರದೊಳಗೆ ಪಿ.ಟಿ. ಮೇಷ್ಟ್ರ ಕೈಗೆ ಮುಟ್ಟಿಸಿ. ಬಿಡುವಿದ್ದವರು ಮೈದಾನಕ್ಕೂ ಬನ್ನಿ, ಚಪ್ಪಾಳೆ ಹೊಡೆಯೋಕೆ ಜನ ಯಾವಾಗಲೂ ಕಡಿಮೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ