ಕಾರ್ಡ್ ಕೊಳ್ಳುವ ಮುಂಚೆ

ಚಿ. ವಿನಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಕಂಪ್ಯೂಟರಿನ ಜಾತಕವನ್ನೇ ಬರೆದು ಕಳಿಸಿದ್ದೀಯಲ್ಲ, ಒಳ್ಳೇದಾಯಿತು. ರೈಜನ್ 5 1600 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 6 ಜಿಬಿಯ ಜಿಟಿಎಕ್ಸ್ 1060 ಕಾರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಜೊತೆಗೊಂದು ಹಾರ್ಡ್ ಡಿಸ್ಕ್. ಕಾರ್ಡು 2016ರ ಕಾಲದ್ದು, ಪ್ರೊಸೆಸರ್ 2017ರದ್ದು. ಕೂಡಿಟ್ಟ ದುಡ್ಡನ್ನೆಲ್ಲ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಸುರಿಯಬೇಕು ಅಂತಿದ್ದೀಯ. ತಡಿ. ಈಗಿನ ಸ್ಥಿತಿಯಲ್ಲಿ ಅಂಥ ಕಾರ್ಡು ಹಾಕಿದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ.

ಮೊದಲು ಎಲ್ಲಿ ತಡೆ ಇದೆ ಅಂತ ಆ ಮೆಷಿನ್ನನ್ನೇ ಕೇಳು. ನಿನಗೆ ತೊಂದರೆ ಕೊಡೋ ಆಟ ಯಾವುದೋ ಅದನ್ನೇ ಹಾಕು. ವಿ-ಸಿಂಕ್ (ಆಟದ ಫ್ರೇಮುಗಳನ್ನ ಮಾನಿಟರಿನ ವೇಗಕ್ಕೆ ಕಟ್ಟಿಹಾಕೋ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದುಹಾಕು. ಇಲ್ಲದಿದ್ದರೆ ಸೆಕೆಂಡಿಗೆ 60 ಫ್ರೇಮಿಗೆ ಕಟ್ಟಿಹಾಕಿದ ಕಾರ್ಡು ಸುಮ್ಮನೆ ಕೂತಿರೋದನ್ನ ನೋಡಿ ನೀನು ತಪ್ಪು ತಿಳೀತೀಯ. ಆಡುವಾಗ ಜಿಪಿಯು, ಅಂದರೆ ಕಾರ್ಡಿನ ಚಿಪ್ಪಿನ ಬಳಕೆ ಎಷ್ಟಿದೆ ನೋಡು. 95 ಪರ್ಸೆಂಟ್ ದಾಟಿ ಅಲ್ಲೇ ನಿಂತಿದ್ದರೆ ಕಾರ್ಡೇ ಸುಸ್ತಾಗಿದೆ. 60, 70ರಲ್ಲಿ ಓಲಾಡುತ್ತಾ ಆಟವೂ ಮುಗ್ಗರಿಸುತ್ತಿದ್ದರೆ, ಕಾರ್ಡು ಪ್ರೊಸೆಸರಿಗೋ ರ‍್ಯಾಮಿಗೋ ಕಾಯುತ್ತಿದೆ ಅಂತ. ಸಿಪಿಯು, ಅಂದರೆ ಪ್ರೊಸೆಸರಿನ ಬಳಕೆಯ ಒಟ್ಟು ಅಂಕಿಯನ್ನ ಮಾತ್ರ ನಂಬಬೇಡ. ನಿನ್ನ ಪ್ರೊಸೆಸರಿಗೆ 12 ಥ್ರೆಡ್, ಅಂದರೆ ಒಟ್ಟಿಗೆ ಓಡಬಲ್ಲ 12 ಕೆಲಸದ ಸಾಲು. ಆಟದ ಮುಖ್ಯ ಕೆಲಸ ಒಂದೆರಡು ಥ್ರೆಡ್ಡಿನ ಮೇಲೇ ಬಿದ್ದು ಅವು ಉಸಿರುಗಟ್ಟಿದ್ದರೂ ಒಟ್ಟು ಲೆಕ್ಕದಲ್ಲಿ 30 ಪರ್ಸೆಂಟ್ ಅಂತಲೇ ತೋರಿಸಬಹುದು. ಇನ್ನೂ ಅನುಮಾನ ಇದ್ದರೆ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸು. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮುಗಳ ಲೆಕ್ಕ) ಏರಿದರೆ ಕಾರ್ಡಿನ ದೋಷ. ಅಲ್ಲಾಡದೇ ಹೋದರೆ ಹೊಸ ಕಾರ್ಡು ತಂದರೂ ಅಲ್ಲಾಡಲ್ಲ.

ಈ ಪರೀಕ್ಷೆಗೆ ಮುಂಚೆ ಧೂಳು ತೆಗಿ. ಗಾಳಿ ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊ. ಇಷ್ಟು ವರ್ಷದಲ್ಲಿ ಥರ್ಮಲ್ ಪೇಸ್ಟ್ ಒಣಗಿರುತ್ತೆ, ಅದನ್ನೂ ಬದಲಾಯಿಸು. ಬಿಸಿಯಾದ ಚಿಪ್ಪು ತಾನಾಗೇ ವೇಗ ಇಳಿಸಿಕೊಳ್ಳುತ್ತೆ, ಆಗ ಬಂದ ಅಂಕಿಗಳಿಗೆ ಅರ್ಥ ಇಲ್ಲ.

ಪರೀಕ್ಷೆಯಲ್ಲಿ ಏನೇ ಬರಲಿ, ಎರಡು ಖರ್ಚಿಗೆ ನನ್ನ ತಕರಾರಿಲ್ಲ. ಒಂದು, ರ‍್ಯಾಮಿನ ಜೋಡಿ. ಒಂಟಿ ಸ್ಟಿಕ್ ಅಂದರೆ ಒಂದೇ ಚಾನೆಲ್ಲು, ಪ್ರೊಸೆಸರಿಗೂ ಅದಕ್ಕೂ ನಡುವೆ ಒಂದೇ ದಾರಿ. ರೈಜನ್ನಿಗೆ ಅದು ದೊಡ್ಡ ಕೊರತೆ. ಅಂಥದ್ದೇ ಇನ್ನೊಂದು ಹಾಕಿದರೆ 16 ಜಿಬಿಯೂ ಆಯಿತು, ಎರಡು ಚಾನೆಲ್ಲೂ ಆಯಿತು. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟು, ಆದರೂ ಮ್ಯಾನುಯಲ್ ನೋಡಿ ಹಾಕು. ಆಮೇಲೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರಾದ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡು, ಸ್ಟಿಕ್ಕನ್ನ ಅದರ ಮೇಲೆ ಬರೆದ ವೇಗದಲ್ಲಿ ಓಡಿಸೋ ಸೆಟ್ಟಿಂಗ್ ಅದು. ಎಷ್ಟೋ ಜನ 3200ರ ರ‍್ಯಾಮಿಗೆ ದುಡ್ಡು ಕೊಟ್ಟು ವರ್ಷಗಟ್ಟಲೆ ಅದನ್ನ 2133ರಲ್ಲಿ ಓಡಿಸ್ತಾ ಇರ್ತಾರೆ! ಮೊದಲ ತಲೆಮಾರಿನ ರೈಜನ್ 3200ಕ್ಕೆ ಹಟ ಮಾಡಿದರೆ 2933ಕ್ಕೆ ಇಳಿಸು, ಅಷ್ಟೇ. ಎರಡನೇದು ಎಸ್‌ಎಸ್‌ಡಿ. ಅದರಿಂದ ಎಫ್‌ಪಿಎಸ್ ಏರಲ್ಲ, ಆದರೆ ದೊಡ್ಡ ಓಪನ್ ವರ್ಲ್ಡ್ ಆಟಗಳಲ್ಲಿ ನಡುನಡುವೆ ತಡವರಿಸೋದು ಕಡಿಮೆಯಾಗುತ್ತೆ. ಸಾದಾ ಸಾಟಾ ಎಸ್‌ಎಸ್‌ಡಿಯೇ ಸೆಕೆಂಡಿಗೆ 550 ಎಂಬಿ ಹತ್ತಿರ ಓದುತ್ತೆ, ಸಾಕು. ಮುಂದಿನ ಕಂಪ್ಯೂಟರಿಗೂ ಅದು ನಿನ್ನ ಜೊತೆ ಬರುತ್ತೆ.

ಇನ್ನು ಪ್ರೊಸೆಸರ್. ನಿನ್ನ ಅದೃಷ್ಟ ಇರೋದೇ ಇಲ್ಲಿ. ನಿನ್ನ ಬೋರ್ಡಿನಲ್ಲಿ ಪ್ರೊಸೆಸರ್ ಕೂರೋ ಎಎಂ4 ಸಾಕೆಟ್ಟಿನಷ್ಟು ಬಾಳಿಕೆ ಬಂದ ಸಾಕೆಟ್ ಕಡಿಮೆ. 2022ರಲ್ಲಿ ರೈಜನ್ ತಯಾರಕರಾದ ಎಎಂಡಿಯವರು ನಿನ್ನ ಬಿ350ಯಂಥ ಹಳೇ 300 ಸರಣಿಯ ಬೋರ್ಡುಗಳಿಗೂ ರೈಜನ್ 5000 ಹಾಕಲು ದಾರಿ ಬಿಟ್ಟರು. ಅದೇ ಬೋರ್ಡು, ಅದೇ ರ‍್ಯಾಮು ಇಟ್ಕೊಂಡು ರೈಜನ್ 5 5600ಕ್ಕೆ ಹೋಗಬಹುದು. ಅದರ ಮುಂದಿನ ಸಾಕೆಟ್ಟಾದ ಎಎಂ5ಕ್ಕೆ ಹಾರಿದರೆ ಬೋರ್ಡು, ಡಿಡಿಆರ್5 ಅನ್ನೋ ಹೊಸ ಬಗೆಯ ಮೆಮೊರಿ, ಪ್ರೊಸೆಸರ್ ಮೂರನ್ನೂ ಒಟ್ಟಿಗೆ ಕೊಳ್ಳಬೇಕು. ನಿನ್ನ ದುಡ್ಡು ಅಲ್ಲೇ ಮುಗಿಯಿತು. ಇನ್ನೊಂದು ಲಾಭ: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ನಿನ್ನ 1600 ಇಲ್ಲ, 5600 ಇದೆ.

ಆದರೆ ಕ್ರಮ ತಪ್ಪಬಾರದು. ಬೋರ್ಡ್ ತಯಾರಕರ ಪುಟದಲ್ಲಿ ಹೊಸ ಪ್ರೊಸೆಸರ್ ಯಾವ ಬಯಾಸ್ ಆವೃತ್ತಿ ಕೇಳುತ್ತೆ ಅಂತ ನೋಡು. ಹಳೇ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡು. ಕೆಲವು ಬೋರ್ಡುಗಳಿಗೆ ನಡುವಿನ ಒಂದು ಆವೃತ್ತಿ ದಾಟಿಯೇ ಹೋಗಬೇಕು. ಆ ಹೊತ್ತಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಯಿತು ಅಂದ್ಕೊ. ಕೂಲರ್ ತೆಗೆಯುವಾಗ ಮೊದಲು ಹತ್ತು ನಿಮಿಷ ಆಟ ಆಡಿ ಬಿಸಿ ಮಾಡು, ಪವರ್ ಕೇಬಲ್ ಕಿತ್ತಿಡು, ಕೂಲರನ್ನ ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತು. ನೇರ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಸಾಕೆಟ್ಟಿಂದ ಕಿತ್ತು ಬರುತ್ತೆ. ಎಎಂ4ರಲ್ಲಿ ಪಿನ್ನುಗಳು ಇರೋದು ಪ್ರೊಸೆಸರಿನ ಹೊಟ್ಟೆಯಲ್ಲಿ, ಒಟ್ಟು 1331. ಒಂದು ಬಾಗಿದರೂ ಪೇಚಾಟ.

ಕಾರ್ಡಿನ ಸರದಿ ಬಂದಾಗ ಹೆಸರು ನೋಡಿ ಮರುಳಾಗಬೇಡ. ಆರ್‌ಎಕ್ಸ್ 6500 ಎಕ್ಸ್‌ಟಿ ಅಂತೊಂದಿದೆ, ಬೋರ್ಡಿನ ಜೊತೆ ಮಾತಾಡೋಕೆ ನಾಲ್ಕೇ ಪಿಸಿಐಇ ಲೇನು (ಮಾಹಿತಿ ಹರಿಯೋ ದಾರಿ), 4 ಜಿಬಿ ಮೆಮೊರಿ. ನಿನ್ನ ಬೋರ್ಡು ಪಿಸಿಐಇಯ ಹಳೇ, ನಿಧಾನದ 3.0 ಆವೃತ್ತಿಯದು, ಅಲ್ಲಿ ಅದು ಇನ್ನೂ ಬಡವಾಗುತ್ತೆ. ಅಗ್ಗ ಅಂತ ಯಾರಾದರೂ ಹೊಗಳಿದರೂ ಬೇಡ. ಆರ್‌ಎಕ್ಸ್ 6600ರಂಥ 8 ಜಿಬಿ ಕಾರ್ಡು ನಿನ್ನ 1080 ಮಾನಿಟರಿಗೆ ತಕ್ಕದ್ದು, 132 ವ್ಯಾಟಿನಲ್ಲೇ ಮುಗಿಯುತ್ತೆ. ಇಂಟೆಲ್ ಆರ್ಕ್ ಕಾರ್ಡುಗಳಿಗೆ ಪೂರ್ತಿ ವೇಗ ಬರಬೇಕಾದರೆ ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಲೇ ಮುಟ್ಟೋ ಸೌಲಭ್ಯ) ಇರಲೇಬೇಕು, ಹಳೇ ಬೋರ್ಡಿಗೆ ಅದನ್ನ ತರೋ ಗೋಜು ನಿನಗೆ ಬೇಡ. ಸೆಕೆಂಡ್ ಹ್ಯಾಂಡ್ ತರೋದಾದರೆ ಭಾರವಾದ ಆಟ ಅರ್ಧ ಗಂಟೆ ಓಡಿಸಿ ತೋರಿಸಲು ಹೇಳು. ತೋರಿಸಲ್ಲ ಅಂದರೆ ಎದ್ದು ಬಾ.

ಪವರ್ ಸಪ್ಲೈ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ. ಅದರ ಮೇಲಿನ ಲೇಬಲ್ಲಿನ ಫೋಟೋ ಕಳಿಸು. ಮಾಡ್ಯುಲರ್, ಅಂದರೆ ಕೇಬಲ್ಲು ಬಿಚ್ಚಿ ಹಾಕೋ ಥರದ್ದಾದರೆ, ಬೇರೆ ಕಂಪನಿಯ ಕೇಬಲ್ಲು ಅದರಲ್ಲಿ ಕೂರುತ್ತೆ ಅಂತ ಚುಚ್ಚಬೇಡ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿಗಳ ಜೋಡಣೆ ಬೇರೆ ಇರುತ್ತೆ, ಡ್ರೈವು ಬೋರ್ಡು ಎಲ್ಲ ಸುಟ್ಟುಹೋಗಬಹುದು.

ಫೋಟೋ ಜೊತೆಗೆ ಮೂರು ಆಟಗಳ ಜಿಪಿಯು ಬಳಕೆಯ ಅಂಕಿ, 1080ರಲ್ಲಿ ಬಂದ ಎಫ್‌ಪಿಎಸ್, 720ರಲ್ಲಿ ಬಂದದ್ದು, ಇಷ್ಟನ್ನ ಬರೆದು ಕಳಿಸು. ಪ್ರೊಸೆಸರ್ ಮೊದಲೋ ಕಾರ್ಡ್ ಮೊದಲೋ ಅನ್ನೋದನ್ನ ಅವನ್ನ ನೋಡಿ ಹೇಳ್ತೀನಿ. ಅಲ್ಲೀತನಕ ದುಡ್ಡು ನಿನ್ನ ಹತ್ತಿರವೇ ಇರಲಿ.

ಇಂತಿ,
ನಿನ್ನ ಮಾವ