ಮಗಳಿಗೊಂದು ಪತ್ರ: ಮೊದಲು ರೊಟ್ಟಿ, ಆಮೇಲೆ ಮಾತು

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಾಗ, ನಾನು "ಪ್ರಾರ್ಥನೆ ಮಾಡು, ಸರಿಹೋಗುತ್ತದೆ" ಎಂದುಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡುತ್ತಲೇ ಇದ್ದೇನೆ ಅಮ್ಮ" ಎಂದೆ ನೀನು. ನಿನ್ನ ನಂಬಿಕೆ ಸಾಲದೆಂದು ನಾನು ಹೇಳಿದಂತಾಯಿತಲ್ಲ ಎಂದು ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕ್ಷಮಿಸು.

ಎದ್ದು ಸತ್ಯವೇದ ತೆರೆದೆ. ಮೊದಲನೆಯ ಅರಸುಗಳು, 19ನೆಯ ಅಧ್ಯಾಯ. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಪ್ರವಾದಿ ಎಲೀಯನು ಇಲ್ಲಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ದೇವರು ಗದರಲಿಲ್ಲ. ನಿನ್ನೆಯ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಅವನನ್ನು ಮಲಗಲು ಬಿಟ್ಟನು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದು ಮತ್ತೆ ಮಲಗಿದ. ಮತ್ತೊಮ್ಮೆ ಎಬ್ಬಿಸಿ ಉಣ್ಣಿಸಿದ ಮೇಲೆಯೇ ಅವನು ಹೋರೇಬ್ ಬೆಟ್ಟದ ದಾರಿ ಹಿಡಿದದ್ದು. "ಇಲ್ಲೇನು ಮಾಡುತ್ತಿದ್ದೀ?" ಎಂದು ದೇವರು ಕೇಳಿದ್ದು ಅಲ್ಲಿ, ನಲವತ್ತು ದಿನಗಳಾದ ಮೇಲೆ. ನಾನು ಫೋನೆತ್ತಿದ ಕೂಡಲೇ ಉಪದೇಶ ಮಾಡಿದೆ.

ಇನ್ನೊಂದು ಹಳೆಯ ಮಾತೂ ಇದೆ. ನಿನಗೆ ಎಂಟು ವರ್ಷ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ 23ನೆಯ ಕೀರ್ತನೆ ಹೇಳುವಾಗ ನಡುವೆ ಒಂದು ಸಾಲು ಮರೆತೆ. ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಮನೆಗೆ ಬಂದು, ತಪ್ಪಿಲ್ಲದೆ ಬರುವವರೆಗೂ ಮತ್ತೆ ಮತ್ತೆ ಹೇಳಿಸಿದೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಹಸಿರು ಹುಲ್ಲಿನಲ್ಲಿ ದಣಿವಾರಿಸಿಕೊಳ್ಳುವ ಕೀರ್ತನೆಯನ್ನು ನಿನಗೆ ಪರೀಕ್ಷೆ ಮಾಡಿಟ್ಟವಳು ನಾನೇ. ಈಗ ಕಲಬುರಗಿಯ ಹಾಸ್ಟೆಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಇಡೀ ಪುಟ ಹರಿದು ಹೊಸದಾಗಿ ಬರೆಯುತ್ತೇನೆ ಎನ್ನುತ್ತೀ. ಆ ಕೆಲಸಕ್ಕೆ ನಿನ್ನನ್ನು ಮೊದಲು ಕೂರಿಸಿದ್ದು ಯಾರೆಂದು ನನಗೆ ಗೊತ್ತು.

ತಂದೆಯಂತೆ ದೋಷವಿಲ್ಲದವರಾಗಿರಿ ಎಂದು ಯೇಸುವೇ ಹೇಳಿದ್ದಾನಲ್ಲ ಎಂದು ನೀನು ಕೇಳಿದ್ದೆ. ಮತ್ತಾಯನ 5ನೆಯ ಅಧ್ಯಾಯದ ಆ ವಚನವನ್ನು ಅದರ ಹಿಂದಿನ ಸಾಲುಗಳ ಜೊತೆ ಓದು. ಅಲ್ಲಿ ಅಂಕಗಳ ಮಾತಿಲ್ಲ, ವೈರಿಯನ್ನೂ ಪ್ರೀತಿಸುವ ಮಾತಿದೆ. ಕೆಟ್ಟವರ ಮೇಲೆಯೂ ಒಳ್ಳೆಯವರ ಮೇಲೆಯೂ ಒಂದೇ ಸೂರ್ಯನನ್ನು ಮೂಡಿಸುವ ದೇವರ ಆ ಪ್ರೀತಿಯಲ್ಲಿ ಒಂದು ಪಾಲು ನಿನಗೂ ಇರಲಿ, ಮಗಳೇ.

ವೈದ್ಯರು ಕೊಟ್ಟ ಮಾತ್ರೆಗಳನ್ನು ಬಿಡಬೇಡ. ಅವುಗಳ ಗುಣ ಕಾಣಲು ಕೆಲವು ವಾರಗಳು ಬೇಕು. ಹಗುರವೆನಿಸಿದರೂ ಅವರನ್ನು ಕೇಳದೆ ನಿಲ್ಲಿಸಬಾರದು. ಮಾತ್ರೆ ನುಂಗಿದರೆ ನಂಬಿಕೆ ಕಡಿಮೆಯಾಯಿತೆಂದು ಯಾರಾದರೂ ಹೇಳಿದರೆ, ಸತ್ಯವೇದದಲ್ಲಿ ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ ಎಂದು ನೆನಪಿಸಿಕೋ. ರಾತ್ರಿ ಎದೆ ಡವಗುಟ್ಟಿ ಬದುಕೇ ಬೇಡವೆನಿಸಿದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ನನಗೆ ಹೇಳಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಹಗಲೂ ರಾತ್ರಿಯೂ ಇರುತ್ತಾರೆ, ಕನ್ನಡದಲ್ಲಿಯೇ ಮಾತನಾಡಬಹುದು.

ಶನಿವಾರ ಬೀದರಿನಿಂದ ರೈಲು ಹತ್ತುತ್ತೇನೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತೇನೆ. ಕೋಣೆ ಗುಡಿಸಿಡಬೇಡ. ಮಲಗಿದ್ದರೆ ಮಲಗಿರು, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ.

ನಿನ್ನ ಅಮ್ಮ