ಭದ್ರತೆಯ ಷರತ್ತು ಟೆಂಡರಿನಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಜಾಲತಾಣ ಅಥವಾ ಆ್ಯಪ್ ಬಳಕೆಗೆ ಬರುವ ಮುನ್ನ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಸೆಕ್ಯುರಿಟಿ ಆಡಿಟ್ ಮಾಡಿಸಿ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮವಿದೆ. ನಿಯಮ ಸರಿಯಾದದ್ದೇ. ಆದರೆ ಕೋಡ್ ಎಲ್ಲ ಬರೆದು ಮುಗಿದು, ಉದ್ಘಾಟನೆಯ ದಿನವೂ ನಿಗದಿಯಾದ ಮೇಲೆ ನಡೆಯುವ ಆ ಒಂದು ತಪಾಸಣೆಯ ಮೇಲೆ ಇಡೀ ಭದ್ರತೆಯ ಹೊಣೆ ಹೊರಿಸುವುದು ಸರಿಯಲ್ಲ ಎಂಬುದನ್ನು, ಇದೇ ವೃತ್ತಿಯಲ್ಲಿರುವವನಾಗಿ ಹೇಳಬಯಸುತ್ತೇನೆ.

ಅಮೆರಿಕದಲ್ಲಿ ಆಸ್ತಿಯ ಹಕ್ಕಿಗೆ ವಿಮೆ ನೀಡುವ ಫಸ್ಟ್ ಅಮೆರಿಕನ್ ಕಂಪನಿಯ ಪ್ರಕರಣವನ್ನೇ ನೋಡಬಹುದು. ಅದರ ಜಾಲತಾಣದಲ್ಲಿ ಒಂದು ದಾಖಲೆಯ ಲಿಂಕ್ ಸಿಕ್ಕವರು ಅದರಲ್ಲಿನ ಸಂಖ್ಯೆಯ ಒಂದಂಕಿ ಬದಲಿಸಿದರೆ ಸಾಕು, ಬೇರೆ ಯಾರದೋ ಬ್ಯಾಂಕ್ ಖಾತೆಯ ವಿವರ, ತೆರಿಗೆ ಪತ್ರ, ಚಾಲನಾ ಪರವಾನಗಿಯ ಚಿತ್ರ ತೆರೆದುಕೊಳ್ಳುತ್ತಿದ್ದವು; ಲಾಗಿನ್ ಕೂಡ ಕೇಳುತ್ತಿರಲಿಲ್ಲ. 80 ಕೋಟಿಗೂ ಹೆಚ್ಚು ದಾಖಲೆಗಳು ಹೀಗೆ ಬಯಲಿಗೆ ಬಿದ್ದಿದ್ದವು. ನ್ಯೂಯಾರ್ಕ್ ರಾಜ್ಯದ ಹಣಕಾಸು ನಿಯಂತ್ರಣ ಇಲಾಖೆ ಹೊರಿಸಿದ ಆರೋಪದ ಪ್ರಕಾರ, ಈ ದೋಷ 2014ರ ಅಪ್‌ಡೇಟ್ ಒಂದರ ಜೊತೆ ಸೇರಿಕೊಂಡಿತ್ತು. 2018ರ ಡಿಸೆಂಬರ್‌ನಲ್ಲಿ ಕಂಪನಿ ನಡೆಸಿದ ಪರೀಕ್ಷೆಯಲ್ಲೇ ಪತ್ತೆಯಾಗಿತ್ತು. ಆದರೂ 2019ರ ಮೇ ತಿಂಗಳಲ್ಲಿ ಪತ್ರಕರ್ತರೊಬ್ಬರು ಬರೆಯುವವರೆಗೆ ಸರಿಹೋಗಲಿಲ್ಲ. ಅಂದರೆ ತಪಾಸಣೆ ತನ್ನ ಕೆಲಸ ಮಾಡಿತ್ತು. ಕಂಡ ದೋಷವನ್ನು ತುರ್ತಾಗಿ ಸರಿಪಡಿಸುವ ಕೆಲಸವೇ ಅಲ್ಲಿ ಆಗಲಿಲ್ಲ.

‘ಈ ದಾಖಲೆಯನ್ನು ಯಾರು ನೋಡಬಹುದು?’ ಎಂಬ ಪ್ರಶ್ನೆಯನ್ನು ವಿನ್ಯಾಸದ ಹಂತದಲ್ಲೇ ಕೇಳಿದ್ದರೆ, ಪ್ರತಿ ಬಾರಿಯೂ ಕೇಳಿದವರ ಅರ್ಹತೆಯನ್ನು ಸರ್ವರ್ ಪರಿಶೀಲಿಸುವ ಕೋಡನ್ನು ಒಂದೇ ಕಡೆ ಬರೆದು, ಎಲ್ಲ ಪುಟಗಳೂ ಅದರ ಮೂಲಕವೇ ಹಾದುಹೋಗುವಂತೆ ಮಾಡಬಹುದು. ತಂತ್ರಾಂಶ ಬೆಳೆದು ನಿಂತ ಮೇಲಾದರೆ ನೂರಾರು ಪುಟಗಳನ್ನು ಒಂದೊಂದಾಗಿ ಜಾಲಾಡಬೇಕು, ಒಂದು ತಪ್ಪಿದರೂ ದಾರಿ ತೆರೆದೇ ಇರುತ್ತದೆ. ಕೋಡ್ ರೆಡ್, ನಿಮ್ಡಾ ಎಂಬ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾವಾಗಿಯೇ ಹರಡುವ ವರ್ಮ್‌ಗಳಿಂದ 2001ರಲ್ಲಿ ಪೆಟ್ಟು ತಿಂದ ಮೈಕ್ರೋಸಾಫ್ಟ್, ಮರುವರ್ಷ ವಿಂಡೋಸ್‌ನ ಹೊಸ ಕೆಲಸವನ್ನೇ ತಡೆದು ಕೋಡ್ ಪರಿಶೀಲನೆಗೆ ಇಳಿಯಿತು. 2004ರಲ್ಲಿ ವಿನ್ಯಾಸದಿಂದ ಬಿಡುಗಡೆಯವರೆಗಿನ ಭದ್ರತಾ ಕ್ರಮವನ್ನು ಕಡ್ಡಾಯ ಮಾಡಿತು. ಅಷ್ಟು ದೊಡ್ಡ ಕಂಪನಿಗೂ ಇದಕ್ಕಿಂತ ಅಗ್ಗದ ದಾರಿ ಕಾಣಲಿಲ್ಲ.

ನಮ್ಮ ಪಹಣಿ, ಕ್ರಯಪತ್ರ, ಜಾತಿ-ಆದಾಯ ಪ್ರಮಾಣಪತ್ರಗಳೆಲ್ಲ ಇಂದು ಭೂಮಿ, ಕಾವೇರಿ, ನಾಡಕಚೇರಿ ತಂತ್ರಾಂಶಗಳಲ್ಲಿವೆ. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಸೋರಿಹೋದ ಮಾಹಿತಿಯನ್ನು ಯಾವ ದಂಡವೂ ಮರಳಿಸದು. ಆದ್ದರಿಂದ ರಾಜ್ಯದ ಇ-ಆಡಳಿತ ಇಲಾಖೆ ಎಲ್ಲ ತಂತ್ರಾಂಶ ಟೆಂಡರುಗಳಿಗೂ ಅನ್ವಯವಾಗುವ ಷರತ್ತುಗಳನ್ನು ರೂಪಿಸಬೇಕು. ಯಾವ ಮಾಹಿತಿಗೆ ಯಾರಿಂದ ಅಪಾಯವಿದೆ ಎಂಬ ವಿಶ್ಲೇಷಣೆ ವಿನ್ಯಾಸದ ಜೊತೆಗೇ ಸಲ್ಲಿಕೆಯಾಗಬೇಕು, ಅದಿಲ್ಲದೆ ಮೊದಲ ಕಂತಿನ ಬಿಲ್ ಪಾವತಿಯಾಗಬಾರದು. ಬಳಸಿದ ಹೊರಗಿನ ಲೈಬ್ರರಿಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳ ಪಟ್ಟಿ ಇಲಾಖೆಯ ಕೈಯಲ್ಲಿರಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಅಂಥ ಒಂದು ಲೈಬ್ರರಿಯ ದೋಷ ಹೊರಬಿದ್ದಾಗ ಅದು ತಮ್ಮಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವುದೇ ಜಗತ್ತಿನಾದ್ಯಂತ ಸಂಸ್ಥೆಗಳಿಗೆ ದೊಡ್ಡ ಕೆಲಸವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪತ್ತೆಯಾದ ದೋಷವನ್ನು ಯಾರು, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬುದು ನಿರ್ವಹಣಾ ಅವಧಿ ಮುಗಿಯುವವರೆಗೂ ಕರಾರಿನಲ್ಲಿ ಸ್ಪಷ್ಟವಾಗಿರಬೇಕು.

– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು